ಮಾತನ್ನು ಮೊಟಕುಗೊಳಿಸುವ ರಾಜ್ಯ

(ಶಾಲೆಯ ಸಭೆಯಲ್ಲಿ ಮಾಡಿದ ಭಾಷಣ)



ಜಾರ್ಜ್ ಆರ್ವೆಲ್ ಎಂಬ ಆಂಗ್ಲ ಗ್ರಂಥಕರ್ತನ ‘ನೈನ್ಟೀನ್ ಎಯ್ಟಿಫೋರ್’ ಕಾದಂಬರಿಯನ್ನು ತಮಗೆ ಪರಿಚಯ ಮಾಡಿಕೊಡಬೇಕೆಂದು ನನಗೆ ಅಪ್ಪಣೆಯಾಗಿದೆ. ಈತನ ನಿಜವಾದ ಹೆಸರು ಎರಿಕ್ ಆರ್ಥರ್ ಬ್ಲೇರ್. ಹುಟ್ಟಿದ್ದು 1903ನೆಯ ಜೂನ್ 25ರಂದು, ನಮ್ಮ ಬಿಹಾರದ ಮೋತಿಹಾರಿಯಲ್ಲಿ. ತಂದೆ ಸರಕಾರದ ಅಫೀಮು ಇಲಾಖೆಯ ನೌಕರ. ಬೆಳೆದದ್ದು ಇಂಗ್ಲೆಂಡಿನಲ್ಲಿ. ಯೌವನದಲ್ಲಿ ಐದು ವರ್ಷ ಬರ್ಮಾ ದೇಶದಲ್ಲಿ ಪೋಲೀಸು ಅಧಿಕಾರಿಯಾಗಿದ್ದು, ಆಳುವವರ ದರ್ಪವನ್ನು ಅವರ ಪಕ್ಕದಲ್ಲಿಯೇ ನಿಂತು ಕಂಡು, ಬೇಸತ್ತು ಕೆಲಸ ಬಿಟ್ಟನು. ಈ ಕಾದಂಬರಿ 1949ರಲ್ಲಿ ಪ್ರಕಟವಾಯಿತು. ಮರುವರ್ಷವೇ ಆತನು ಕ್ಷಯರೋಗದಿಂದ ತೀರಿಕೊಂಡನು.

ಕಥಾನಾಯಕನಾದ ವಿನ್‌ಸ್ಟನ್ ಸ್ಮಿತ್ ‘ಸತ್ಯ ಮಂತ್ರಾಲಯ’ದ ನೌಕರ. ಹಳೆಯ ಪತ್ರಿಕೆಗಳನ್ನು ತಿದ್ದುವುದೇ ಅವನ ಉದ್ಯೋಗ. ಸರಕಾರ ನುಡಿದದ್ದು ಸುಳ್ಳಾದರೆ, ನುಡಿದ ದಿನದ ಪತ್ರಿಕೆಯನ್ನೇ ಬದಲಾಯಿಸಿ, ಹಳೆಯ ಪ್ರತಿಯನ್ನು ಸುಟ್ಟುಬಿಡುವರು. ಚಾಕೊಲೇಟಿನ ಪಡಿ 30 ಗ್ರಾಮಿನಿಂದ 20ಕ್ಕೆ ಇಳಿಯುತ್ತದೆ. ಮರುದಿನವೇ, 20ಕ್ಕೆ ಏರಿಸಿದ್ದಕ್ಕಾಗಿ ಜನರು ಮೆರವಣಿಗೆ ಹೊರಟು ನಾಯಕನಿಗೆ ಕೃತಜ್ಞತೆ ಸಲ್ಲಿಸಿದರೆಂದು ಸಾರುತ್ತಾರೆ! ಆ ನಾಯಕನಿಗೆ ‘ದೊಡ್ಡಣ್ಣ’ನೆಂದು ಹೆಸರು. ನಮ್ಮ ಮನೆಗಳಲ್ಲಿ ಅಕ್ಕರೆಯಿಂದ ಕರೆಯುವ ಈ ಹೆಸರು ಅಲ್ಲಿ ಭಯಹುಟ್ಟಿಸುತ್ತದೆ. ಗೋಡೆಯ ಮೇಲಿನ ಯಂತ್ರವೊಂದು ಮನೆಯವರನ್ನು ಹಗಲಿರುಳು ನೋಡುತ್ತಿರುತ್ತದೆ. ನೆರೆಮನೆಯ ಪಾರ್ಸನ್ಸ್ ನಿದ್ದೆಯಲ್ಲಿ ದೊಡ್ಡಣ್ಣನ ವಿರುದ್ಧ ಕನವರಿಸಿದುದನ್ನು ಏಳು ವರ್ಷದ ಮಗಳು ಬಾಗಿಲ ಸಂದಿಯಿಂದ ಕೇಳಿ ದೂರು ಕೊಡುವಳು. ಸೆರೆಮನೆಯಲ್ಲಿ ಆ ತಂದೆ ಮಗಳ ವಿಷಯದಲ್ಲಿ ಹೆಮ್ಮೆಪಡುತ್ತಾನೆ. ಇಡೀ ಗ್ರಂಥದಲ್ಲಿ ನನ್ನನ್ನು ಹೆಚ್ಚು ನಡುಗಿಸಿದುದು ಈ ಹೆಮ್ಮೆಯೇ.

ಇನ್ನು ನುಡಿಯ ಸಂಗತಿ. ಆ ರಾಜ್ಯದ ಪಂಡಿತರು ವರ್ಷವರ್ಷವೂ ನಿಘಂಟನ್ನು ಸಣ್ಣದು ಮಾಡುತ್ತಿರುವರು. ‘ಒಳ್ಳೆಯದು’ ಎಂಬುದಿರುವಾಗ ‘ಕೆಟ್ಟದ್ದು’ ಏಕೆ? ‘ಒಳ್ಳೆಯದಲ್ಲದ್ದು’ ಎಂದರೆ ಸಾಲದೇ? ಹೀಗೆ ಅವರ ವಾದ. ಅನ್ಯಾಯವೆಂಬ ಪದವೇ ಇಲ್ಲದವನು ತನಗಾದುದು ಅನ್ಯಾಯವೆಂದು ಹೇಗೆ ಹೇಳಿಯಾನು? ರಾಯದುರ್ಗ, ಮಡಕಶಿರಾ ಸೀಮೆಯ ಮಕ್ಕಳಾದ ನಿಮಗೆ ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಒಂದೊಂದು ವಸ್ತುವಿಗೂ ಎರಡೆರಡು ಹೆಸರು ಬಲ್ಲವರು ನೀವು. ಎರಡು ನುಡಿಯ ಭಾರವೆಂದು ಕೆಲವು ತಂದೆತಾಯಿಗಳು ಮರುಗುವುದುಂಟು. ಈ ಕಾದಂಬರಿಯನ್ನು ಓದಿದ ಮೇಲೆ ಅದನ್ನು ಭಾರವೆನ್ನಲು ನನಗೆ ಬಾಯಿ ಬಾರದು.

ವಿನ್‌ಸ್ಟನ್ ಮಾಡುವ ಮೊದಲ ಅಪರಾಧವೆಂದರೆ ದಿನಚರಿ ಬರೆಯುವುದು. ಇದು ಕಟ್ಟುಕಥೆಯೆಂದು ತಳ್ಳಿಹಾಕಬೇಡಿ. 1975ನೆಯ ಜೂನ್ 25ರಂದು ನಮ್ಮ ದೇಶದಲ್ಲಿ ತುರ್ತುಪರಿಸ್ಥಿತಿ ಘೋಷಿತವಾಯಿತು. ಆ ದಿನಾಂಕ ಆರ್ವೆಲ್ಲನ ಜನ್ಮದಿನವೇ ಆದುದು ಕೇವಲ ಆಕಸ್ಮಿಕ. ಪತ್ರಿಕೆಗಳಿಗೆ ಕತ್ತರಿ ಬಿದ್ದಿತು; ಸಾವಿರಾರು ಜನ ವಿಚಾರಣೆಯಿಲ್ಲದೆ ಸೆರೆಯಾದರು. 1970ರ ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು 1976ರಲ್ಲಿ ಬೆಂಗಳೂರಿನ ಸೆರೆಮನೆಗೆ ಹಾಕಿದರು. ಆ ಚಿತ್ರವನ್ನು ನಿರ್ದೇಶಿಸಿದವರು ಅವರ ಪತಿ, ತೆಲುಗು ಕವಿ ಪಟ್ಟಾಭಿರಾಮ ರೆಡ್ಡಿ. ಉಬ್ಬಸದ ಬೇನೆಯಿಂದ ನರಳುತ್ತಿದ್ದ ಆ ತಾಯಿ ಸೆರೆಯಲ್ಲಿಯೇ ದಿನಚರಿ ಬರೆದರು. 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 20ರಂದು ತೀರಿಕೊಂಡರು. ದಿನಚರಿ ಮುಂದೆ ಪುಸ್ತಕವಾಯಿತು. ಆದರೂ ನಮ್ಮ ದೇಶವನ್ನು ಆರ್ವೆಲ್ಲನ ರಾಜ್ಯಕ್ಕೆ ಸಮವೆನ್ನುವುದು ಅತಿಯಾದೀತು. ಆ ಮಾರ್ಚಿಯ ಚುನಾವಣೆಯಲ್ಲಿ ಜನರು ಆ ಸರಕಾರವನ್ನು ಕೆಳಗಿಳಿಸಿದರು; ವಿನ್‌ಸ್ಟನ್ನನಿಗೆ ಅಂಥ ಮತಪತ್ರ ಇರಲಿಲ್ಲ.

ಕಾದಂಬರಿಯ ಮೂರನೆಯ ಭಾಗದ ಹಿಂಸೆಯ ವರ್ಣನೆ ಕಠೋರವಾಗಿದೆ. ಆದುದರಿಂದ ಕೆಳಗಿನ ತರಗತಿಯವರು ಅದೇ ಲೇಖಕನ ‘ಅನಿಮಲ್ ಫಾರ್ಮ್’ ಎಂಬ ಚಿಕ್ಕ ಗ್ರಂಥವನ್ನು ಮೊದಲು ಓದಲಿ. ಹಂದಿ, ಕುದುರೆ, ಕತ್ತೆಗಳ ಆ ಕಥೆ ಪಂಚತಂತ್ರ ಬಲ್ಲವರಿಗೆ ಹೊಸದೆನಿಸದು. ಹಿರಿಯ ವಿದ್ಯಾರ್ಥಿಗಳು ಈ ಕಾದಂಬರಿಯ ಕಡೆಯ ಅನುಬಂಧವನ್ನು ಬಿಡಬಾರದು. ಆ ಮೊಟಕು ನುಡಿಯ ವ್ಯಾಕರಣವನ್ನು ಅಲ್ಲಿ ಭೂತಕಾಲದಲ್ಲಿ ಹೇಳಿದೆ. ಹಾಗಾದರೆ ಆ ರಾಜ್ಯ ಎಂದೋ ಅಳಿದಿರಬೇಕೆಂದು ಕೆಲವು ಓದುಗರು ಊಹಿಸುವರು. ಆ ಊಹೆಗೆ ಆಧಾರವುಂಟೇ ಎಂಬುದನ್ನು ಓದಿದ ಬಳಿಕ ನಿಮ್ಮ ಉಪಾಧ್ಯಾಯರೊಡನೆ ಚರ್ಚಿಸಿರಿ.