ಗಾಡಿ ಇದೆಯೇನಪ್ಪಾ ಎಂದು ಕೇಳುವ ಮೊದಲು

(ಮಂಡಿ ಮೊಹಲ್ಲಾದಲ್ಲಿ ನಡೆದ ತಿಂಗಳ ಗೋಷ್ಠಿಯಲ್ಲಿ ಕಾಗದ ವ್ಯಾಪಾರಿಯೊಬ್ಬರು ಆಡಿದ ಮಾತುಗಳ ಬರಹರೂಪ)

 

ನನಗೆ ಕೊಟ್ಟ ವಿಷಯ ‘ವಿದ್ಯಾರ್ಥಿ ಮತ್ತು ಕಾಯಕ’. ಇಷ್ಟು ದೊಡ್ಡ ವಿಷಯದ ಮೇಲೆ ಮಾತಾಡಲು ವಿದ್ವಾಂಸರಿದ್ದಾರೆ. ನಾನು ಕಾಗದ, ನೋಟ್‌ಬುಕ್ ಮಾರುವವನು. ನನಗೆ ಗೊತ್ತಿರುವ ಒಂದು ಮೂಲೆಯನ್ನಷ್ಟೇ ಹಿಡಿದುಕೊಳ್ಳುತ್ತೇನೆ. ಹಳ್ಳಿಯಿಂದ ಮೈಸೂರಿಗೆ ಓದಲು ಬಂದ ಮಕ್ಕಳಿದ್ದಾರೆ. ಅವರಿಗೆ ಸ್ವಂತ ಗಾಡಿಯಿಲ್ಲ. ಓದಿನ ಜೊತೆಗೆ ದಿನಕ್ಕೆ ಎರಡು ಮೂರು ಗಂಟೆ ದುಡಿಯುವ ಕೆಲಸ ಬೇಕು. ಅದನ್ನು ಹುಡುಕುವುದು ಹೇಗೆ, ಕೊಡುವವರಾದ ನಾವು ಹೇಗೆ ನಡೆದುಕೊಳ್ಳಬೇಕು ಎಂಬುದು ನನ್ನ ಮಾತು.

ಊಟ ವಸತಿಯ ಚಿಂತೆಯನ್ನು ನಮ್ಮ ಮಠಗಳು ಎಂದೋ ಹೊತ್ತುಕೊಂಡವು. ಸುತ್ತೂರಿನ ಶಿವರಾತ್ರಿ ರಾಜೇಂದ್ರ ಶ್ರೀಗಳು ಇದೇ ಮೈಸೂರಿನಲ್ಲಿ ಬಡ ಮಕ್ಕಳಿಗೆ ಉಚಿತ ವಿದ್ಯಾರ್ಥಿನಿಲಯ ತೆರೆದದ್ದು, ಅನ್ನಕ್ಕೆ ಹಣ ಸಾಲದೆ ಬಂದಾಗ ಚಿನ್ನದ ಕರಡಿಗೆಯನ್ನೇ ಬಿಟ್ಟುಕೊಟ್ಟದ್ದು ಭಕ್ತರೆಲ್ಲ ಹೇಳಿಕೊಂಡು ಬಂದಿರುವ ಸಂಗತಿ. 1954ರಲ್ಲಿ ಜೆಎಸ್‌ಎಸ್ ಮಹಾವಿದ್ಯಾಪೀಠ ಹುಟ್ಟಿತು. ಸಿದ್ಧಗಂಗೆಯ ದಾಸೋಹವನ್ನು ನಾನು ಹೇಳಬೇಕಾಗಿಲ್ಲ. ಆದರೆ ಅನ್ನ ಸಿಕ್ಕ ಹುಡುಗನಿಗೂ ಪರೀಕ್ಷಾ ಶುಲ್ಕ, ಮೊಬೈಲ್ ಕರೆನ್ಸಿ, ಜೆರಾಕ್ಸ್, ಊರಿಗೆ ಹೋಗಿಬರುವ ಖರ್ಚು ಇದ್ದೇ ಇದೆ. ಊರಿನಲ್ಲಿ ಅಪ್ಪ ಬೆಳೆ ಕೈಗೆ ಬರಲಿ ಎಂದು ಕಾಯುತ್ತಿರುತ್ತಾನೆ. ಸರ್ಕಾರದ ಯುವನಿಧಿ ಇದೆಯಲ್ಲ ಎನ್ನುವವರಿದ್ದಾರೆ. ಅದು ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ. ಓದುತ್ತಿರುವವನಿಗೆ ಅದರಿಂದ ಒಂದು ಕಾಸೂ ಬರುವುದಿಲ್ಲ.

ಹಾಗಾಗಿ ಹುಡುಗ ಕೆಲಸ ಕೇಳಿಕೊಂಡು ಹೊರಡುತ್ತಾನೆ. ಮೊದಲ ಪ್ರಶ್ನೆಯೇ, “ಗಾಡಿ ಇದೆಯೇನಪ್ಪಾ? ಲೈಸೆನ್ಸ್ ಇದೆಯಾ?” ಊಟ ತಲುಪಿಸುವ ಕಂಪನಿಯವರು ಕೇಳಿದರೆ ಅದರಲ್ಲಿ ಅರ್ಥವಿದೆ. ಅಂಗಡಿಯೊಳಗೆ ಕೂತು ಬಿಲ್ ಬರೆಯುವ ಕೆಲಸಕ್ಕೂ ನಮ್ಮವರು ಇದನ್ನೇ ಕೇಳುತ್ತಾರೆ. ಮಧ್ಯೆ ಮಧ್ಯೆ ಬ್ಯಾಂಕಿಗೆ, ಪಾರ್ಸೆಲ್ ಆಫೀಸಿಗೆ ಓಡಿಸಬಹುದು ಎಂಬ ಆಸೆ. ಪೆಟ್ರೋಲು ಅವನದೇ.

ಹುಡುಗ ಏನು ಮಾಡುತ್ತಾನೆ? ಗಾಡಿಯಿದ್ದರೆ ಕೆಲಸ ಎಂದು ಸಾಲ ಮಾಡಿ ಗಾಡಿ ಕೊಳ್ಳುತ್ತಾನೆ. ಒಂದು ಲೆಕ್ಕ ಹಾಕೋಣ, ನಾನು ಲೆಕ್ಕದ ಮನುಷ್ಯ. ಹಳೆಯ ಬೈಕಿಗೆ 50,000 ಸಾಲ, ಎರಡು ವರ್ಷದ ಕಂತು ಎಂದರೆ ತಿಂಗಳಿಗೆ 2,500ರ ಆಸುಪಾಸು. ದಿನಕ್ಕೆ 150 ರೂಪಾಯಿ ಪೆಟ್ರೋಲ್ ಹಾಕಿದರೆ 26 ದಿನಕ್ಕೆ 3,900. ಇನ್ಶೂರೆನ್ಸ್, ಆಯಿಲ್, ಪಂಕ್ಚರ್ ಸೇರಿ 600 ಇಡಿ. ಅಲ್ಲಿಗೆ 7,000 ಆಯಿತು. ದಿನಾ ಸಂಜೆಯಿಂದ ರಾತ್ರಿವರೆಗೆ ಐದು ಗಂಟೆ ಓಡಿ 12,000 ತಂದ ಎಂದಿಟ್ಟುಕೊಳ್ಳಿ. ಉಳಿದದ್ದು 5,000, ದುಡಿದದ್ದು 130 ಗಂಟೆ. ಗಂಟೆಗೆ 40 ರೂಪಾಯಿಯೂ ಬೀಳಲಿಲ್ಲ. ಮೂಗಿಗಿಂತ ಮೂಗುತಿ ಭಾರ ಎಂದು ನಮ್ಮ ಹಿರಿಯರು ಹೇಳಿದ್ದು ಇಂಥದ್ದಕ್ಕೇ. ರಾತ್ರಿ ಹನ್ನೊಂದಕ್ಕೆ ಬಂದು ಮಲಗಿದವನು ಬೆಳಗಿನ ಮೊದಲ ತರಗತಿ ತಪ್ಪಿಸುತ್ತಾನೆ, ಹಾಜರಾತಿ ಕಡಿಮೆಯಾಗುತ್ತದೆ, ಕಂತು ಮಾತ್ರ ಕಡಿಮೆಯಾಗುವುದಿಲ್ಲ. ಗಿಗ್ ಕಾರ್ಮಿಕರ ಭದ್ರತೆಗೆಂದು 2025ರಲ್ಲಿ ನಮ್ಮ ರಾಜ್ಯ ಕಾಯ್ದೆ ಮಾಡಿದೆ, ಒಳ್ಳೆಯದೇ. ಅದು ಇವನ ಕಂತನ್ನು ಕಟ್ಟುವುದಿಲ್ಲ. ಆಗಲೇ ಗಾಡಿ ಇರುವವನು ಆ ಕೆಲಸ ಮಾಡಲಿ, ನನ್ನ ಆಕ್ಷೇಪವಿಲ್ಲ. ಕೆಲಸಕ್ಕಾಗಿ ಗಾಡಿ ಕೊಳ್ಳಬೇಡಿ ಎಂದಷ್ಟೇ ಹೇಳುತ್ತೇನೆ.

ಹಾಗಾದರೆ ಕೆಲಸ ಎಲ್ಲಿದೆ? ನೀವಿರುವ ಜಾಗದಿಂದ ಇಪ್ಪತ್ತು ನಿಮಿಷ ನಡೆದು ನೋಡಿ. ಮಂಡಿ ಮೊಹಲ್ಲಾದಲ್ಲಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗೆ ಈ ಊರಿನಲ್ಲಿ ಇದಕ್ಕಿಂತ ಅನುಕೂಲದ ಜಾಗ ಇನ್ನೊಂದಿಲ್ಲ. ಗಂಗೋತ್ರಿ ದೂರ, ಒಪ್ಪುತ್ತೇನೆ. ಆದರೆ ಒಂದು ಕಡೆ ಅಶೋಕ ರಸ್ತೆ, ಇನ್ನೊಂದು ಕಡೆ ಸಯ್ಯಾಜಿರಾವ್ ರಸ್ತೆ, ಕೆಳಗೆ ಇರ್ವಿನ್ ರಸ್ತೆ. ಅದನ್ನು ದಾಟಿದರೆ ಕೆ.ಆರ್. ಆಸ್ಪತ್ರೆ, ಧನ್ವಂತರಿ ರಸ್ತೆ, ದೇವರಾಜ ಮಾರುಕಟ್ಟೆ. ಇನ್ನೂ ಸ್ವಲ್ಪ ನಡೆದರೆ ಸಂತೆಪೇಟೆಯ ಸಗಟು ದಿನಸಿ ಅಂಗಡಿಗಳು.

ಆಸ್ಪತ್ರೆ ಸುತ್ತಲಿನ ಮೆಡಿಕಲ್ ಸ್ಟೋರುಗಳಿಗೆ, ಲ್ಯಾಬುಗಳಿಗೆ ಸಂಜೆ ಐದರ ಮೇಲೆ ಕೈ ಸಾಲುವುದಿಲ್ಲ. ಔಷಧ ಕೊಡಲು ಫಾರ್ಮಸಿಸ್ಟ್ ಬೇಕು, ಅದು ಬೇರೆ ಮಾತು. ಸ್ಟಾಕ್ ಜೋಡಿಸಲು, ಕಂಪ್ಯೂಟರಿಗೆ ಏರಿಸಲು, ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂರಲು ಓದಿದ ಹುಡುಗ ಹುಡುಗಿಯರು ಬೇಕು. ಬಿ.ಕಾಂ. ಓದುವವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಪ್ರತಿ ತಿಂಗಳು 11ನೇ ತಾರೀಖಿನೊಳಗೆ ಜಿಎಸ್‌ಟಿ ಮಾರಾಟದ ರಿಟರ್ನ್ ಹೋಗಬೇಕು. ಒಂದರಿಂದ ಹನ್ನೊಂದರವರೆಗೆ ಸಣ್ಣ ವ್ಯಾಪಾರಿಗಳೆಲ್ಲ ಬಿಲ್ಲುಗಳ ಕಟ್ಟು ಹಿಡಿದು ಆಡಿಟರ್ ಆಫೀಸಿನ ಮೆಟ್ಟಿಲಲ್ಲಿ ನಿಂತಿರುತ್ತಾರೆ. ಟ್ಯಾಲಿಯಲ್ಲಿ ಎಂಟ್ರಿ ಮಾಡಬಲ್ಲವನು ಮೂರು ಅಂಗಡಿಗಳನ್ನು ಹಿಡಿದರೆ ತಿಂಗಳ ಮೊದಲ ಹತ್ತು ದಿನದ ಸಂಜೆಯಲ್ಲೇ ಅವನ ಕೈಖರ್ಚು ಹುಟ್ಟುತ್ತದೆ. ಉಳಿದ ಇಪ್ಪತ್ತು ದಿನ ಓದಿಕೊಳ್ಳಬಹುದು. ಗಾಡಿ ಯಾಕೆ ಬೇಕು ಇದಕ್ಕೆ?

ಮನೆಪಾಠ ಹಳೆಯ ದಾರಿ, ಈಗಲೂ ಸವೆದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳಿಕೊಂಡು ಆ ಮನೆಯಲ್ಲೇ ಇದ್ದರು. ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗಿಬರುತ್ತಿದ್ದರು. ಒಂದು ಬೀದಿಯಲ್ಲಿ ಒಂದು ಮನೆ ಹಿಡಿದರೆ ಆ ತಾಯಿಯೇ ಪಕ್ಕದ ಮನೆಗೆ ಹೇಳುತ್ತಾಳೆ. ಆರು ಮಕ್ಕಳನ್ನು ಒಂದೇ ಜಗಲಿಯ ಮೇಲೆ ಕೂರಿಸಿಕೊಂಡರೆ ಆರು ಮನೆ ಅಲೆಯುವುದು ತಪ್ಪುತ್ತದೆ.

ಮದುವೆ ಛತ್ರದಲ್ಲಿ ಬಡಿಸುವ ಕೆಲಸ ಕೇಳುವವರೂ ಇದ್ದಾರೆ. ಹಣ ಆ ದಿನವೇ ಕೈಗೆ ಬರುತ್ತದೆ, ಊಟವೂ ಆಗುತ್ತದೆ. ಎರಡು ತೊಡಕು ಮೊದಲೇ ತಿಳಿದಿರಲಿ. ಆಷಾಢದಲ್ಲಿ, ಧನುರ್ಮಾಸದಲ್ಲಿ ಕೆಲಸ ಇರುವುದಿಲ್ಲ, ಅದನ್ನೇ ನಂಬಿ ಶುಲ್ಕ ಕಟ್ಟುವ ಲೆಕ್ಕ ಹಾಕಬೇಡಿ. ಹೋಗುವಾಗ ಕಂಟ್ರಾಕ್ಟರ್ ಟೆಂಪೋದಲ್ಲಿ ಹತ್ತಿಸಿಕೊಂಡು ಹೋಗುತ್ತಾನೆ, ಆರತಕ್ಷತೆ ಮುಗಿದು ರಾತ್ರಿ ಹನ್ನೊಂದೂವರೆಗೆ ಬಿಡುವಾಗ ಟೆಂಪೋ ಪಾತ್ರೆಗಳಿಂದ ತುಂಬಿರುತ್ತದೆ. ವಾಪಸು ಬಿಡುವ ಮಾತನ್ನು ಹತ್ತುವ ಮೊದಲೇ ಆಡಿಕೊಳ್ಳಬೇಕು. ದಸರಾ ವಸ್ತುಪ್ರದರ್ಶನದ ಮಳಿಗೆಗಳಲ್ಲಿ ಸಂಜೆ ನಿಲ್ಲುವ ಕೆಲಸಕ್ಕೂ ಇದೇ ಮಾತು.

ಬಸ್ಸನ್ನು ಮರೆಯಬೇಡಿ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಕೆಲಸ ಹುಡುಕುವ ವಿದ್ಯಾರ್ಥಿನಿಗೆ ಇದಕ್ಕಿಂತ ದೊಡ್ಡ ಸಹಾಯ ಯಾವುದೂ ಆಗಿಲ್ಲ ಎಂದು ನನ್ನ ಅಭಿಪ್ರಾಯ. ಕುವೆಂಪುನಗರದ ಮನೆಪಾಠವಾದರೂ ಆಕೆಗೆ ಖರ್ಚಿಲ್ಲ. ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ, ಅದು ಮನೆ ಕಾಲೇಜಿನ ನಡುವಿನ ದಾರಿಗಷ್ಟೇ. ಹಾಗಾದರೆ ಆ ದಾರಿಯ ಮೇಲಿರುವ ನಿಲ್ದಾಣಗಳಲ್ಲೇ ಇಳಿದು ಕೇಳಿ. ಕಾಲೇಜಿನಿಂದ ಬರುವಾಗ ನಡುವೆ ಇಳಿದು ಎರಡು ಗಂಟೆ ದುಡಿದು ಮತ್ತೆ ಹತ್ತಿ ಬರುವುದು ಜಾಣತನ. ಸೈಕಲ್ ಇನ್ನೊಂದು ದಾರಿ. ಬಾಡಿಗೆ ಸೈಕಲ್ಲಿನ ‘ಟ್ರಿಣ್ ಟ್ರಿಣ್’ 2017ರಲ್ಲಿ ಶುರುವಾದದ್ದು ನಮ್ಮ ಈ ಊರಿನಲ್ಲೇ. ಹಳೆಯ ಸೈಕಲ್ಲೊಂದನ್ನು ಕೊಂಡರೂ ಬೆಳಗಿನ ಜಾವ ಪೇಪರ್ ಹಾಕುವ ಕೆಲಸ ಸಿಗುತ್ತದೆ, ಏಳು ಗಂಟೆಗೆ ಮುಗಿಯುತ್ತದೆ, ದಿನವೆಲ್ಲ ನಿಮ್ಮದೇ.

ಕೇಳುವ ರೀತಿಯೂ ಒಂದಿದೆ. “ಯಾವ ಕೆಲಸವಾದರೂ ಪರವಾಗಿಲ್ಲ ಸಾರ್” ಎನ್ನುವವನಿಗೆ ಯಾವ ಕೆಲಸವೂ ಸಿಗುವುದಿಲ್ಲ, ಸಿಕ್ಕರೆ ಎಲ್ಲ ಕೆಲಸವೂ ಬೀಳುತ್ತದೆ. “ಸೋಮವಾರದಿಂದ ಶನಿವಾರ, ಸಂಜೆ ನಾಲ್ಕರಿಂದ ಏಳು, ಟ್ಯಾಲಿ ಬರುತ್ತದೆ, ಪರೀಕ್ಷೆ ಇಂಥ ತಿಂಗಳು, ಆಗ ಹದಿನೈದು ದಿನ ಬರುವುದಿಲ್ಲ” ಎಂದು ಹೇಳಿ. ವ್ಯಾಪಾರದ ಭರಾಟೆಯಲ್ಲಿ ಸಂಜೆ ಏಳಕ್ಕೆ ಹೋಗಿ ನಿಲ್ಲಬೇಡಿ, ಮಧ್ಯಾಹ್ನ ಮೂರಕ್ಕೆ ಹೋಗಿ. ಇಲ್ಲಿ ಶುಕ್ರವಾರ ನಮಾಜಿನ ಹೊತ್ತು ಬಿಟ್ಟು ಹೋಗಿ. ‘ಮೈಸೂರು ಮಿತ್ರ’, ‘ಆಂದೋಲನ’ದ ಸಣ್ಣ ಜಾಹೀರಾತುಗಳನ್ನು ನೋಡಿ. ಕೆಲಸ ಕೊಡಲು ಮೊದಲು ದುಡ್ಡು ಕಟ್ಟಿ ಎಂದವನ ಕಡೆ ತಿರುಗಿ ನೋಡಬೇಡಿ. ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡಿ. ಇನ್ನೊಂದು ಹೊಸ ಪಿಡುಗಿದೆ: ನಿನ್ನ ಬ್ಯಾಂಕ್ ಖಾತೆ ನಮಗೆ ಕೊಡು, ಬಂದ ಹಣ ಮುಂದೆ ಕಳಿಸು, ಕಮಿಷನ್ ತಗೋ ಎನ್ನುತ್ತಾರೆ. ಅದು ಮೋಸದ ಹಣ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ.

ಇನ್ನು ತಂದೆತಾಯಿಗಳಿಗೆ ಒಂದು ಮಾತು. “ನಮ್ಮ ಹುಡುಗ ಛತ್ರದಲ್ಲಿ ಎಲೆ ಎತ್ತುವುದಾ?” “ಸಾಬರ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುವುದಾ?” ಇವೆರಡೂ ನನ್ನ ಅಂಗಡಿಯಲ್ಲೇ ನಿಂತು ಆಡಿದ ಮಾತುಗಳು. ಆಡಿದವರ ಕೊರಳಲ್ಲಿ ಲಿಂಗವಿತ್ತು. ಮಡಿವಾಳ ಮಾಚಯ್ಯ ಬಟ್ಟೆ ಒಗೆದವರು, ನುಲಿಯ ಚಂದಯ್ಯ ಹಗ್ಗ ಹೊಸೆದವರು ಎಂದು ಜಯಂತಿಯ ದಿನ ಭಾಷಣ ಕೇಳಿ ತಲೆದೂಗುತ್ತೇವೆ. ಮಗ ತಟ್ಟೆ ತೊಳೆದರೆ ಬೀಗರು ಏನೆನ್ನುತ್ತಾರೆ ಎಂದು ಅಂಜುತ್ತೇವೆ. ಈ ಮೊಹಲ್ಲಾದಲ್ಲಿ ಮುಸಲ್ಮಾನ ವ್ಯಾಪಾರಿಗಳು, ಜೈನರು, ನಮ್ಮವರು ತಲೆಮಾರುಗಳಿಂದ ಒಬ್ಬರಿಗೊಬ್ಬರು ಸಾಲ ಕೊಟ್ಟು ವ್ಯಾಪಾರ ಮಾಡಿದ್ದೇವೆ. ಸರಕು ಅವರ ಅಂಗಡಿಯದಾಗಬಹುದು, ಸಂಬಳ ಆಗಬಾರದು ಎಂದರೆ ಅದು ಎಲ್ಲಿಯ ಆಚಾರ?

ವ್ಯಾಪಾರಿ ಬಂಧುಗಳೇ, ಈಗ ನಮ್ಮ ಸರದಿ. ನಾವು ದಾಸೋಹಕ್ಕೆ ಅಕ್ಕಿ ಮೂಟೆ ಕಳಿಸುತ್ತೇವೆ, ರಸೀದಿಯಲ್ಲಿ ಹೆಸರು ಬರೆಸುತ್ತೇವೆ. ಅದೇ ಅಕ್ಕಿ ಉಂಡ ಹುಡುಗ ಸಂಜೆ ನಮ್ಮ ಅಂಗಡಿಯಲ್ಲಿ ನಾಲ್ಕು ಗಂಟೆ ನಿಂತರೆ, “ಓದೋ ಹುಡುಗ, ಕಲಿತುಕೊಳ್ಳಲಿ, ಹಬ್ಬಕ್ಕೆ ಏನಾದರೂ ಕೊಡೋಣ” ಎನ್ನುತ್ತೇವೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎಂದು ಕಳಿಸಿದಳು. ದುಡಿಯುವವರು ಹೆಚ್ಚು ಮುಟ್ಟಬಾರದೆಂಬ ಈ ಕಥೆಯನ್ನು ನಾವು ಕೆಲಸಗಾರರಿಗೆ ಚೆನ್ನಾಗಿ ಹೇಳುತ್ತೇವೆ. ದುಡಿಸಿಕೊಂಡವನ ಗಲ್ಲಾದಲ್ಲಿ ದುಡಿದವನ ಪಾಲು ಉಳಿದುಕೊಂಡರೆ ಲಕ್ಕಮ್ಮ ಏನೆನ್ನುತ್ತಿದ್ದಳು? ದಾನ ಬೇರೆ, ಕೂಲಿ ಬೇರೆ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲಿ ಅಂಗಡಿ ಕೆಲಸಕ್ಕೂ ದರವಿದೆ. ದಿನದ ದರವನ್ನು ಎಂಟರಿಂದ ಭಾಗಿಸಿ, ಗಂಟೆಯ ಲೆಕ್ಕ ಬರುತ್ತದೆ. ಅದಕ್ಕಿಂತ ಕಡಿಮೆ ಕೊಡಬೇಡಿ, ತಿಂಗಳ ಕೊನೆಗೆ ಸತಾಯಿಸದೆ ಕೊಡಿ. ಏಳಕ್ಕೆ ಬಿಡುತ್ತೇನೆ ಎಂದ ಮೇಲೆ ಏಳಕ್ಕೆ ಬಿಡಿ. ಗಾಡಿಯಿಲ್ಲದವನಿಗೆ ಅರ್ಧ ಗಂಟೆ ತಡವೆಂದರೆ ಬಸ್ಸು ತಪ್ಪಿತು, ಹಾಸ್ಟೆಲಿನ ಗೇಟು ಮುಚ್ಚಿತು, ಊಟವೂ ಹೋಯಿತು ಎಂದರ್ಥ. ಬ್ಯಾಂಕಿಗೆ ಓಡಿಸಬೇಕಿದ್ದರೆ ಅಂಗಡಿಯ ಗಾಡಿ ಕೊಡಿ, ಪೆಟ್ರೋಲ್ ಹಾಕಿಸಿ, ಲೈಸೆನ್ಸ್ ನೋಡಿ.

ಹಾಸ್ಟೆಲ್ ನಡೆಸುವ ಹಿರಿಯರಲ್ಲಿ ಕೈಮುಗಿದು ಒಂದು ಕೋರಿಕೆ. ಗೇಟಿನ ನಿಯಮ ಇರಲಿ. ಆದರೆ ಅಂಗಡಿಯವನ ಸಹಿ, ಫೋನ್ ನಂಬರ್ ಇರುವ ಚೀಟಿ ತಂದ ಮಕ್ಕಳಿಗೆ ಒಂದು ಗಂಟೆ ಸಡಿಲಿಸಿ, ಒಂದು ತಟ್ಟೆ ಊಟ ಮುಚ್ಚಿಡಿಸಿ. ಹೆಣ್ಣುಮಕ್ಕಳ ವಿಷಯದಲ್ಲಿ ತಡೆಯುವುದರ ಬದಲು, ಒಂದೇ ರಸ್ತೆಯಲ್ಲಿ ಕೆಲಸ ಮಾಡುವ ಇಬ್ಬರು ಮೂವರು ಜೊತೆಯಾಗಿ ಬರುವ ಏರ್ಪಾಟು ಮಾಡಬಹುದು.

ಮಾತು ಉದ್ದವಾಯಿತು, ಪೂಜ್ಯರ ಆಶೀರ್ವಚನ ಬಾಕಿಯಿದೆ. ಹೊರಗೆ ಚಪ್ಪಲಿ ಬಿಡುವ ಜಾಗದ ಪಕ್ಕದ ಮೇಜಿನ ಮೇಲೆ ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದೇನೆ. ಎಡಪುಟದಲ್ಲಿ ಅಂಗಡಿಯವರು ಬರೆಯಿರಿ: ಯಾವ ರಸ್ತೆ, ಏನು ಕೆಲಸ, ಎಷ್ಟರಿಂದ ಎಷ್ಟು ಗಂಟೆ, ಗಂಟೆಗೆ ಎಷ್ಟು. ಬಲಪುಟದಲ್ಲಿ ವಿದ್ಯಾರ್ಥಿಗಳು ಬರೆಯಲಿ: ಎಲ್ಲಿದ್ದೀರಿ, ಯಾವ ಹೊತ್ತು ಬಿಡುವು, ಏನು ಬರುತ್ತದೆ. ಜಾತಿಯ ಕಾಲಂ ಇಲ್ಲ, ಗಾಡಿಯ ಕಾಲಮ್ಮೂ ಇಲ್ಲ. ಮೊದಲ ಸಾಲು ನಾನೇ ತುಂಬಿದ್ದೇನೆ: ಇಬ್ಬರು ಬೇಕು, ಸ್ಟಾಕ್ ಎಂಟ್ರಿ, ಸಂಜೆ ನಾಲ್ಕರಿಂದ ಏಳು, ಗಂಟೆಗೆ 100 ರೂಪಾಯಿ, ತಿಂಗಳಿಗೆ 26 ದಿನವಾದರೆ 7,800. ಪೆನ್ನು ದಾರಕ್ಕೆ ಕಟ್ಟಿದೆ, ದಯಮಾಡಿ ಜೇಬಿಗೆ ಹಾಕಿಕೊಳ್ಳಬೇಡಿ.