ಮುದ್ದೆಯ ಪಂದ್ಯದಲ್ಲಿ ಹೆಂಗಸರು



ಅವರೆಕಾಯಿಯ ಕಾಲ ಬಂದಿತೆಂದು ತಿಳಿಯಲು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಮನೆಗಳಿಗೆ ಪಂಚಾಂಗ ಬೇಕಾಗಿಲ್ಲ. ಬೀದಿಯ ತಿರುವಿನಲ್ಲಿಯೇ ಸೊಗಡು ಮೂಗಿಗೆ ಬಡಿಯುತ್ತದೆ. ಸಂಜೆ ಜಗುಲಿಯ ಮೇಲೆ ಹೆಂಗಸರು ಕಾಯಿ ಸುಲಿಯುತ್ತಾರೆ. ರಾತ್ರಿ ಕಾಳು ನೆನೆಹಾಕುತ್ತಾರೆ. ಬೆಳಗಾದರೆ ಒಂದೊಂದೇ ಕಾಳನ್ನು ಹಿದುಕಿ ಬೇಳೆ ತೆಗೆಯುತ್ತಾರೆ. ಒಂದು ಪಾತ್ರೆ ಸಾರಿನ ಹಿಂದೆ ಎಷ್ಟು ಬೆರಳುಗಳ ದುಡಿಮೆ! ಉಂಡೇಳುವುದಕ್ಕೆ ಮಾತ್ರ ಹತ್ತು ನಿಮಿಷ ಸಾಕು.

ಈ ಸಾರು, ಇದರೊಡನೆ ಬಿಸಿ ರಾಗಿಮುದ್ದೆ, ಇವನ್ನಿಟ್ಟುಕೊಂಡು ಈಚಿನ ವರ್ಷಗಳಲ್ಲಿ ದೊಡ್ಡಬಳ್ಳಾಪುರದಲ್ಲಿ ಉಣ್ಣುವ ಪಂದ್ಯಗಳು ನಡೆದಿವೆ. ಮಂಡ್ಯ, ಹಾಸನದ ಕಡೆ ಇಂಥವೇ ಪಂದ್ಯಗಳು ನಾಟಿಕೋಳಿ ಸಾರಿನೊಡನೆ ನಡೆಯುವುದುಂಟು. ಚಪ್ಪರದ ಕೆಳಗೆ ಸಾಲಾಗಿ ಎಲೆ ಹಾಕುತ್ತಾರೆ. ಮುದ್ದೆಗಳನ್ನು ಒಂದೇ ತೂಕಕ್ಕೆ ಕಟ್ಟಿಡುತ್ತಾರೆ. ಗಡಿಯಾರ ನೋಡಿಕೊಂಡು ಒಬ್ಬರು, ಎಣಿಸುವುದಕ್ಕೆ ಇನ್ನೊಬ್ಬರು. ಗಂಡಸರ ಸಾಲಿನಂತೆಯೇ ಹೆಂಗಸರ ಸಾಲೂ ಉಂಟು. ಸೆರಗು ಸಿಕ್ಕಿಸಿಕೊಂಡು ಅವರು ಎಲೆಯ ಮುಂದೆ ಕುಳಿತೊಡನೆ ಸುತ್ತಲಿನ ಜನರಲ್ಲಿ ಒಂದು ನಗು ಹರಿದಾಡುತ್ತದೆ. ಮುಂದೆ ನಿಂತ ಅಜ್ಜಿಯೊಬ್ಬರು, "ಅಯ್ಯೋ, ಹೆಣ್ಣುಮಕ್ಕಳು ಹಿಂಗೆ ಬೀದೀಲಿ ಕೂತು ಉಣ್ಣೋದಾ?" ಎಂದು ಬಾಯಿಗೆ ಸೆರಗು ಅಡ್ಡ ಹಿಡಿದರೆ ಆಶ್ಚರ್ಯವಿಲ್ಲ.

ಈ ನಗುವಿನ ವಿಷಯವನ್ನೇ ಇಂದು ನಿಮ್ಮೊಡನೆ ಸ್ವಲ್ಪ ಮಾತನಾಡಬೇಕೆಂದಿದ್ದೇನೆ. ಗಂಡಸು ಐದು ಮುದ್ದೆ ಉಂಡರೆ ನಾವು ಬೆನ್ನು ತಟ್ಟುತ್ತೇವೆ. ಹೆಂಗಸು ಮೂರು ಉಂಡರೆ ಏಕೆ ನಗುತ್ತೇವೆ? ಹೆಂಗಸು ಹೊಟ್ಟೆ ತುಂಬ, ಎಲ್ಲರ ಎದುರಿಗೆ, ಎಲ್ಲರಿಗಿಂತ ಮೊದಲು ಉಣ್ಣುವುದನ್ನು ನಾವು ನೋಡಿಯೇ ಇಲ್ಲ. ಕಾರಣ ಇಷ್ಟೆ.

ನಮ್ಮ ಮನೆಗಳ ಪದ್ಧತಿಯನ್ನು ನೆನೆದುಕೊಳ್ಳಿ. ಎಸರು ಕುದಿಯುವ ಮಡಕೆಯ ಮುಂದೆ ಬೆವರುತ್ತ, ಗಂಟಾಗದಂತೆ ಹಿಟ್ಟು ತೊಳಸಿ, ಕೈ ಸುಡುವ ಮುದ್ದೆಯನ್ನು ನೀರು ಮುಟ್ಟಿಕೊಂಡು ಕಟ್ಟುವವಳು ಅವಳು. ಮೊದಲು ಮಾವನವರಿಗೆ, ಗಂಡನಿಗೆ, ಆಮೇಲೆ ಮಕ್ಕಳಿಗೆ, ಅತ್ತೆಯವರಿಗೆ. ಅಷ್ಟರಲ್ಲಿ ನೆಂಟರೊಬ್ಬರು ಬಂದರೆ ಅವರಿಗೊಂದು ಮುದ್ದೆ. ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದೇ ಅವಳ ಪಾಲು. ಸಾರಿನಲ್ಲಿ ಬೇಳೆ ಮುಗಿದು ತಿಳಿ ಮಾತ್ರ ಉಳಿದಿರುತ್ತದೆ. "ನೀನು ಉಂಡೆಯಾ?" ಎಂದು ಕೇಳುವವರು ಆ ಹೊತ್ತಿಗೆ ಮಲಗಿರುತ್ತಾರೆ. ರಾಗಿ ತಿಂದವನು ನಿರೋಗಿ ಎಂಬ ಗಾದೆ ನಮ್ಮಲ್ಲಿದೆ. ಗಾದೆಯೂ ತಿಂದವನನ್ನು ಹೇಳಿತೇ ಹೊರತು ತೊಳಸಿದವಳನ್ನು ಹೇಳಲಿಲ್ಲ!

ಗಡಿಯಾರದೊಡನೆ ಪಂದ್ಯ ಹೂಡಿ ಉಣ್ಣುವುದೂ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ದೊಡ್ಡಬಳ್ಳಾಪುರ ಮಗ್ಗದ ಊರು. ಸಿದ್ಧ ಉಡುಪಿನ ಕಾರ್ಖಾನೆಗಳ ಊರೂ ಹೌದು. ಸುತ್ತಲ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ಹೆಂಗಸರ ಕೈಯಲ್ಲಿ ಒಂದೊಂದು ಊಟದ ಡಬ್ಬಿ. ಐದು ಗಂಟೆಗಿಂತ ಹೆಚ್ಚು ಕಾಲ ಒಂದೇ ಸಮನೆ ದುಡಿಸಬಾರದು, ನಡುವೆ ಅರ್ಧ ಗಂಟೆಯಾದರೂ ಬಿಡುವು ಕೊಡಬೇಕು ಎಂದು 1948ರ ಕಾರ್ಖಾನೆ ಕಾನೂನು ಹೇಳಿತು. ಆ ಅರ್ಧ ಗಂಟೆಯಲ್ಲಿಯೇ ಕೈ ತೊಳೆಯಬೇಕು, ಉಣ್ಣಬೇಕು, ಡಬ್ಬಿ ತೊಳೆಯಬೇಕು, ತಿರುಗಿ ಯಂತ್ರದ ಮುಂದೆ ಕೂರಬೇಕು. ಇಲ್ಲಿ ಎಣಿಸುವವರೂ ಇಲ್ಲ, ಬಹುಮಾನವೂ ಇಲ್ಲ.

ಹೊರದೇಶಗಳಲ್ಲಿ ಉಣ್ಣುವ ಪಂದ್ಯವೊಂದು ದೊಡ್ಡ ಆಟವಾಗಿಯೇ ಬೆಳೆದಿದೆ. ಅಮೆರಿಕದ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ಜುಲೈ 4ರಂದು ನಡೆಯುವ ಹಾಟ್‌ಡಾಗ್ ಪಂದ್ಯ ಬಹು ಪ್ರಸಿದ್ಧ. ಹಾಟ್‌ಡಾಗ್ ಎಂದರೆ ಬನ್ನಿನ ನಡುವೆ ಇಟ್ಟ ಮಾಂಸದ ತಿಂಡಿ. ಬಹುಕಾಲ ಗಂಡಸರೂ ಹೆಂಗಸರೂ ಅಲ್ಲಿ ಒಂದೇ ಸಾಲಿನಲ್ಲಿ ಸ್ಪರ್ಧಿಸುತ್ತಿದ್ದರು. 2011ರಲ್ಲಿ ಹೆಂಗಸರಿಗೆ ಪ್ರತ್ಯೇಕ ವಿಭಾಗ ಮಾಡಿದರು. ಆ ವರ್ಷ ಹತ್ತು ನಿಮಿಷದಲ್ಲಿ 40 ತಿಂದು ಗೆದ್ದವರು ಕೊರಿಯಾದಲ್ಲಿ ಹುಟ್ಟಿದ ಸೋನ್ಯಾ ಥಾಮಸ್. ಐವತ್ತು ಕಿಲೋಗ್ರಾಂ ಕೂಡ ತೂಗದ ಸಣ್ಣ ಆಳು! 2024ರಲ್ಲಿ ಮಿಕಿ ಸುಡೊ ಎಂಬ ಹೆಂಗಸು 51 ತಿಂದರು. ದೊಡ್ಡ ಮೈಯವರೇ ಹೆಚ್ಚು ಉಣ್ಣುತ್ತಾರೆಂಬ ನಮ್ಮ ನಂಬಿಕೆ ಇದರಿಂದ ಸುಳ್ಳಾಯಿತು. ಇದು ಮೈಯ ಗಾತ್ರಕ್ಕಿಂತ ಹೆಚ್ಚಾಗಿ ಜಠರವನ್ನು ಹಿಗ್ಗಿಸುವ ಅಭ್ಯಾಸಕ್ಕೆ ಸೇರಿದ್ದು.

ಆದರೆ ಈ ಅಭ್ಯಾಸ ಹೊಗಳತಕ್ಕದ್ದೆ? ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯರು ಇಂಥ ಪಂದ್ಯಗಾರನೊಬ್ಬನನ್ನು ಪರೀಕ್ಷಿಸಿ 2007ರಲ್ಲಿ ವರದಿ ಪ್ರಕಟಿಸಿದರು. ಅವನ ಜಠರ ಸಡಿಲವಾದ ಚೀಲದಂತೆ ಹಿಗ್ಗುತ್ತ ಹೋಯಿತು. ಹೊಟ್ಟೆ ತುಂಬಿತೆಂಬ ಅರಿವೇ ಅವನಿಗೆ ಆಗಲಿಲ್ಲ. ಬಹುಕಾಲ ಹೀಗೆ ಮಾಡಿದರೆ ಜಠರ ತನ್ನ ಕೆಲಸವನ್ನೇ ಮರೆತೀತು ಎಂದು ಅವರು ಎಚ್ಚರಿಸಿದರು. ಇನ್ನೊಂದು ಅಪಾಯ ಇದಕ್ಕಿಂತ ಹತ್ತಿರದ್ದು. 2024ರ ಸೆಪ್ಟೆಂಬರಿನಲ್ಲಿ, ಓಣಂ ಹಬ್ಬದ ಸಮಯದಲ್ಲಿ, ಕೇರಳದ ಪಾಲಕ್ಕಾಡು ಜಿಲ್ಲೆಯ ಇಡ್ಲಿ ತಿನ್ನುವ ಪಂದ್ಯದಲ್ಲಿ ಒಬ್ಬರು ಗಂಟಲಿಗೆ ಇಡ್ಲಿ ಸಿಕ್ಕಿಕೊಂಡು ತೀರಿಕೊಂಡರು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆದುದರಿಂದ ಆತುರ ಇಲ್ಲಿ ಇನ್ನೂ ಕೆಟ್ಟದ್ದು.

ಪಂದ್ಯ ಏರ್ಪಡಿಸುವವರು ಕಾಲಮಿತಿಯನ್ನು ಬಿಗಿ ಮಾಡದಿರಲಿ. ಸಾರನ್ನು ಧಾರಾಳವಾಗಿ ಬಡಿಸಲಿ. ನಗಿಸುವ ಮಾತು ಆಡದಿರಲಿ. ಯಾರಿಗಾದರೂ ಗಂಟಲು ಕಟ್ಟಿ ಮಾತೇ ಹೊರಡದಂತಾದರೆ ನೀರು ಕುಡಿಸಬೇಡಿ. ಮುಂದಕ್ಕೆ ಬಗ್ಗಿಸಿ, ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಸಲ ಬಲವಾಗಿ ಗುದ್ದಿ. ಅದಕ್ಕೂ ಬಾರದಿದ್ದರೆ ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ಸ್ವಲ್ಪ ಮೇಲಕ್ಕೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಬಸುರಿಯರಾಗಿದ್ದರೆ ಹೊಟ್ಟೆಯನ್ನು ಒತ್ತದೆ ಎದೆಯ ನಡುವೆ ಒತ್ತಬೇಕು. ಒಬ್ಬರು ಹೀಗೆ ಮಾಡುತ್ತಿರುವಾಗಲೇ ಇನ್ನೊಬ್ಬರು ಆಂಬುಲೆನ್ಸಿಗೆ ಕರೆ ಮಾಡಲಿ.

ಪಂದ್ಯದ ದಿನ ವರ್ಷಕ್ಕೊಮ್ಮೆ ಬರುತ್ತದೆ. ಮಿಕ್ಕ ದಿನಗಳ ಲೆಕ್ಕವೇ ನಿಜವಾದ ಲೆಕ್ಕ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದಲ್ಲಿ 15ರಿಂದ 49 ವರ್ಷದೊಳಗಿನ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇತ್ತು. ಅದೇ ವಯಸ್ಸಿನ ಗಂಡಸರಲ್ಲಿ 25 ಮಂದಿಗೆ. ನಮ್ಮ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ಇದಕ್ಕೆ ತಿಂಗಳ ಮುಟ್ಟು, ಹೆರಿಗೆ ಮೊದಲಾದ ಕಾರಣಗಳೂ ಉಂಟು, ನಿಜ. ಹೆಚ್ಚು ಬೇಕಾದವಳಿಗೇ ಕಡಿಮೆ ಬಡಿಸುವ ನಮ್ಮ ಪದ್ಧತಿಯೂ ಒಂದು ಕಾರಣವಲ್ಲವೆ?

ರಾಗಿಯಲ್ಲಿ ಸುಣ್ಣದ ಅಂಶ ಹೇರಳ: ನೂರು ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣದ ಅಂಶವೂ ಉಂಟು. ಆದರೆ ಅದು ಸುಲಭವಾಗಿ ಮೈಗೆ ಹತ್ತುವುದಿಲ್ಲ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ, ಊಟಕ್ಕೆ ನಿಂಬೆಹುಳಿ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಉಂಡ ಕೂಡಲೆ ಚಹ ಕುಡಿದರೆ ಹತ್ತುವುದೂ ಕಡಿಮೆಯಾಗುತ್ತದೆ. ಇದೆಲ್ಲ ತಿಳಿದುಕೊಳ್ಳಬೇಕಾದದ್ದೇ. ಆದರೆ ಅವಳ ಎಲೆಗೆ ಬಂದು ಬಿದ್ದರೆ ತಾನೆ ಇದರ ಪ್ರಯೋಜನ!

ಕನಕದಾಸರ 'ರಾಮಧಾನ್ಯಚರಿತೆ'ಯನ್ನು ನೀವು ಬಲ್ಲಿರಿ. ಅಲ್ಲಿಯೂ ಒಂದು ಪಂದ್ಯ: ಭತ್ತ ಹೆಚ್ಚೋ ರಾಗಿ ಹೆಚ್ಚೋ ಎಂದು. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ಉಳಿದು ಗೆದ್ದಿತು. ಬಿರುಸಿನಿಂದ ಗೆದ್ದದ್ದಲ್ಲ, ತಾಳಿಕೆಯಿಂದ. ನಮ್ಮ ಮನೆಯ ಹೆಂಗಸರ ತಾಳಿಕೆಯೂ ಅಂಥದೇ. ಆದರೆ ತಾಳಬಲ್ಲಳೆಂದು ಅವಳನ್ನು ದಿನವೂ ಪರೀಕ್ಷೆಗೆ ಇಡುವುದು ಯಾವ ನ್ಯಾಯ?

ಆದುದರಿಂದ ನನ್ನದೊಂದು ಬಿನ್ನಹ. ನಿಮ್ಮೂರಿನಲ್ಲಿ ಪಂದ್ಯವಾದರೆ ಹೋಗಿ ನೋಡಿ, ಹೆಂಗಸರ ಸಾಲಿಗೂ ಚಪ್ಪಾಳೆ ತಟ್ಟಿ. ಅಂದು ರಾತ್ರಿ ಮನೆಗೆ ಬಂದ ಮೇಲೆ ಮನೆಯವರಿಗೂ ಒಂದು ಎಲೆ ಹಾಕಿ, ಎಲ್ಲರೂ ಒಟ್ಟಿಗೆ ಕುಳಿತುಕೊಳ್ಳಿ. ಮೊದಲ ಬಿಸಿಮುದ್ದೆ ಅವರ ಎಲೆಗೆ ಬೀಳಲಿ. ಸಾರನ್ನು ತಳದಿಂದ ಕಲಕಿ, ಬೇಳೆ ಬರುವಂತೆ ಬಡಿಸಿ. ಇಲ್ಲಿ ಎಣಿಸುವವರು ಬೇಡ, ಗಡಿಯಾರವೂ ಬೇಡ. ಅವರು ನಿಧಾನವಾಗಿ, ಹೊಟ್ಟೆ ತುಂಬ ಉಣ್ಣಲಿ.