ಬದನೆಕಾಯಿ ತಿರುಗಿಸಿ ನೋಡುವವರು ಪ್ಲಾಟು ಕೊಳ್ಳುವಾಗ ಯಾಕೆ ಸುಮ್ಮನಿರುತ್ತೀರಿ?

(ಬಸವಕಲ್ಯಾಣ, ಹುಮನಾಬಾದ್ ಭಾಗದ ಕನ್ನಡ ಬಂಧುಗಳ ಸಭೆಯಲ್ಲಿ ಆಡಿದ ಮಾತು)



ಕನ್ನಡದ ವೇದಿಕೆಯಲ್ಲಿ ಪ್ಲಾಟು, ಮನೆ, ದಲ್ಲಾಳಿಯ ಮಾತು ಯಾಕೆ ಎಂದು ಕೆಲವರು ಗೊಣಗುವುದು ನನಗೆ ಕೇಳಿಸಿದೆ. ಉತ್ತರ ಹೇಳುತ್ತೇನೆ. ಬಡ ಕನ್ನಡಿಗ ತನ್ನ ಆಯುಷ್ಯದಲ್ಲಿ ಹಾಕುವ ಅತಿ ದೊಡ್ಡ ಸಹಿ ಯಾವುದು? ಮನೆ ಕೊಳ್ಳುವ ಕಾಗದದ ಮೇಲಿನ ಸಹಿ. ಇಪ್ಪತ್ತು ವರ್ಷದ ದುಡಿಮೆ, ಹೆಂಡತಿಯ ಕೊರಳಿನ ಬಂಗಾರ, ಬ್ಯಾಂಕಿನ ಸಾಲ, ಎಲ್ಲವೂ ಆ ಒಂದು ಸಹಿಯ ಕೆಳಗೆ ಹೋಗುತ್ತದೆ. ಆ ಕಾಗದದಲ್ಲಿ ಏನು ಬರೆದಿದೆ ಎಂದು ಸಹಿ ಹಾಕಿದವನಿಗೇ ಗೊತ್ತಿರುವುದಿಲ್ಲ. ಇದು ಭಾಷೆಯ ಪ್ರಶ್ನೆ ಅಲ್ಲದೆ ಮತ್ತೇನು?

ಹುಮನಾಬಾದಿನ ಕ್ರಾಸಿನಲ್ಲಿ ನಿಂತು ನೋಡಿ. ಪುಣೆ-ಹೈದರಾಬಾದ್ ಹೆದ್ದಾರಿ ಒಂದು ಕಡೆ, ಬೀದರ-ಕಲಬುರಗಿ ರಸ್ತೆ ಇನ್ನೊಂದು ಕಡೆ. 2017ರ ಅಕ್ಟೋಬರಿನಲ್ಲಿ ಬೀದರ-ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಇಷ್ಟು ಸಾಕು ದಲ್ಲಾಳಿಗೆ! "ಅನುಭವ ಮಂಟಪ ಬರ್ತದ ರೀ ಅಣ್ಣೋರೆ, ಇವತ್ತು ತಗೊಂಡ್ರ ಐದು ವರ್ಷದಾಗ ಮೂರು ಪಟ್ಟು" ಎನ್ನುತ್ತಾನೆ. ನಿನ್ನೆ ತನಕ ತೊಗರಿ ನಿಂತಿದ್ದ ಹೊಲದಲ್ಲಿ ಇವತ್ತು ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟಿರುತ್ತಾರೆ, ಬಾಗಿಲಿಗೊಂದು ಕಮಾನು ಕಟ್ಟಿರುತ್ತಾರೆ.

ದಲ್ಲಾಳಿ ನಮ್ಮ ವೈರಿ ಅಲ್ಲ. ಕೊಡುವವನನ್ನೂ ಕೊಳ್ಳುವವನನ್ನೂ ಕೂಡಿಸುವುದೂ ಒಂದು ಕಾಯಕವೇ. ಆದರೆ ಸುಳ್ಳು ಹೇಳಿ ಪಡೆದ ದಲ್ಲಾಳಿ ಕಾಯಕದ ಹಣ ಅಲ್ಲ, ಅಷ್ಟೇ. ಸಂತೆಯಲ್ಲಿ ಒಂದು ಕಿಲೋ ಬದನೆಕಾಯಿ ಕೊಳ್ಳುವಾಗ ಹುಳುಕು ಇದೆಯೇ ಎಂದು ಒಂದೊಂದನ್ನೂ ತಿರುಗಿಸಿ ನೋಡುವ ನಮ್ಮ ತಾಯಂದಿರು, ಹತ್ತು ಲಕ್ಷದ ಪ್ಲಾಟಿನ ಮುಂದೆ ಸೆರಗು ಹೊದ್ದು ಸುಮ್ಮನೆ ನಿಲ್ಲುತ್ತಾರೆ. ಗಂಡಸರಂತೂ ಕೇಳಿದರೆ ಮರ್ಯಾದೆ ಹೋಗುತ್ತದೆ ಎಂದುಕೊಂಡಿದ್ದಾರೆ.

ಮೊದಲನೆಯ ಪ್ರಶ್ನೆ: ನೀನು ಯಾರ ಕಡೆಯವನಪ್ಪ? ನಿನಗೆ ಹಣ ಕೊಡುವವರು ಯಾರು, ಎಷ್ಟು? ಎರಡೂ ಕಡೆಯಿಂದ ತೆಗೆದುಕೊಳ್ಳುವವನು ಇಬ್ಬರಿಗೂ ಸಲಹೆಗಾರ ಆಗಲಾರ. ಬೆನ್ನಿಗೇ ರೇರಾ ನೋಂದಣಿ ಸಂಖ್ಯೆ ಕೇಳಿ. 2016ರ ರಿಯಲ್ ಎಸ್ಟೇಟ್ ಕಾಯ್ದೆಯ 9ನೇ ಕಲಮಿನ ಪ್ರಕಾರ, ನೋಂದಣಿಯಾಗಬೇಕಾದ ಬಡಾವಣೆಯ ಪ್ಲಾಟು ಮಾರಿಸುವ ಏಜೆಂಟನೂ ನೋಂದಣಿ ಮಾಡಿಸಿರಬೇಕು. ಇಲ್ಲದಿದ್ದರೆ ದಿನಕ್ಕೆ 10,000 ರೂಪಾಯಿಯಂತೆ, ಆಸ್ತಿಯ ಬೆಲೆಯ ಶೇಕಡಾ 5ರ ತನಕ ದಂಡ ಬೀಳಬಹುದು. 500 ಚದರ ಮೀಟರಿಗಿಂತ ಹೆಚ್ಚಿನ ಜಾಗದಲ್ಲಿ ಮಾಡುವ ಬಡಾವಣೆ ಈ ಕಾಯ್ದೆಯ ಕೆಳಗೆ ಬರುತ್ತದೆ. ಯಾರೋ ಒಬ್ಬರು ತಮ್ಮ ಹಳೆಯ ಮನೆ ಮಾರಿದರೆ ಬರುವುದಿಲ್ಲ, ಅದನ್ನೂ ತಿಳಿದಿರಿ. ಬಡಾವಣೆ ಮಾಡುವವನು ನೋಂದಾಯಿತ ಕರಾರು ಇಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಹತ್ತು ಲಕ್ಷದ ಪ್ಲಾಟಿಗೆ "ಅರ್ಧಾ ಕೊಡ್ರಿ, ಉಳಿದದ್ದು ರಜಿಸ್ಟ್ರಿ ಟೈಮಿಗೆ" ಎಂದರೆ, ಯಾವ ಕಾನೂನಿನಲ್ಲಿದೆ ತೋರಿಸು ಎಂದು ಕೇಳಿ.

ಎರಡನೆಯದು, ಹೊಲ ಎನ್.ಎ. ಆಗಿದೆಯೇ? ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಳಗೆ ಜಿಲ್ಲಾಧಿಕಾರಿಗಳ ಆದೇಶ ಇರಬೇಕು. "ಎನ್.ಎ.ಗೆ ಹಾಕೇವಿ ರೀ" ಎಂಬುದು ಆದೇಶ ಅಲ್ಲ, ಅರ್ಜಿ. ಆದೇಶವಾದರೂ ಮುಗಿಯಲಿಲ್ಲ, ಬಡಾವಣೆಯ ನಕಾಶೆಗೆ ಅನುಮೋದನೆ ಬೇರೆ ಬೇಕು. ಇಲ್ಲೊಂದು ಸುಲಭದ ಲೆಕ್ಕ ಹೇಳುತ್ತೇನೆ, ಮನೆಯಲ್ಲಿ ಮಗುವಿಗೆ ಕೊಟ್ಟರೂ ಮಾಡುತ್ತದೆ. ಒಂದು ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ, ಒಟ್ಟು 43,560 ಚದರಡಿ. 30-40ರ ಪ್ಲಾಟು 1,200 ಚದರಡಿ. ಒಂದು ಇಂಚೂ ಬಿಡದೆ ಕತ್ತರಿಸಿದರೆ 36 ಪ್ಲಾಟು. ಆದರೆ ರಸ್ತೆ, ಉದ್ಯಾನ, ಸಾರ್ವಜನಿಕ ಜಾಗ ಬಿಟ್ಟರೆ ಮಾರಲು ಉಳಿಯುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಎಕರೆಗೆ ಇಪ್ಪತ್ತು ಚಿಲ್ಲರೆ ಪ್ಲಾಟು. ದಲ್ಲಾಳಿಯ ಕೈಯಲ್ಲಿರುವ ನಕಾಶೆಯಲ್ಲಿ ಎಕರೆಗೆ ಮೂವತ್ತು ಪ್ಲಾಟು ಕಂಡರೆ ಕೇಳಿ: ರಸ್ತೆ ಎಲ್ಲಿ ನುಂಗಿದಿರಿ ಸಾಹುಕಾರರೆ? ನಾಳೆ ಸತ್ತರೆ ಹೆಣ ಹೊರಲಿಕ್ಕೂ ದಾರಿ ಇಲ್ಲದ ಬಡಾವಣೆ ಬೇಕೆ?

ಇನ್ನು ಮೂಲ ಒಡೆಯನ ಸಂಗತಿ. ಪಹಣಿಯ 9ನೇ ಕಾಲಮಿನ ಹೆಸರು ಮಾತ್ರ ನೋಡಿ ಬಿಡಬೇಡಿ. ಆ ಹೆಸರು ಹೇಗೆ ಬಂತು ಎಂಬುದು 10ರಲ್ಲಿ, ಸಾಲ ಮತ್ತು ಇತರ ಹಕ್ಕು 11ರಲ್ಲಿ, ಉಳುವವನು ಯಾರು ಎಂಬುದು 12ರಲ್ಲಿ ಇರುತ್ತದೆ. ಆಮೇಲೆ ಎಲ್ಲರೂ ಮರೆಯುವ ಪ್ರಶ್ನೆ: ಇವರಿಗೆ ಅಕ್ಕತಂಗಿಯರು ಎಷ್ಟು ಜನ? ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಮಾಡಿತು. ದೇಶಕ್ಕೆಲ್ಲ ಅದು 2005ರಲ್ಲಿ ಬಂತು. ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟ ಮಾಡಿತು. ನಮ್ಮ ಭಾಗದ ಹೆಣ್ಣುಮಕ್ಕಳನ್ನು ಉಮರ್ಗಾ, ನಿಲಂಗಾ, ಜಹೀರಾಬಾದಿನ ಕಡೆ ಕೊಟ್ಟಿರುತ್ತಾರೆ. ಅಣ್ಣತಮ್ಮಂದಿರು ಮೂವರೇ ಸಹಿ ಹಾಕಿ ಮಾರಿಬಿಡುತ್ತಾರೆ. ನೀವು ಮನೆ ಕಟ್ಟಿ ಗೃಹಪ್ರವೇಶ ಮಾಡಿದ ಮೇಲೆ ಆ ತಂಗಿಯ ಹೆಸರಿನಲ್ಲಿ ಕೋರ್ಟಿನ ನೋಟೀಸು ಬರುತ್ತದೆ. ತಪ್ಪು ಆಕೆಯದಲ್ಲ! ಆಕೆ ಕೇಳುತ್ತಿರುವುದು ತನ್ನ ಪಾಲನ್ನು.

ಸರ್ಕಾರ ಪರಿಶಿಷ್ಟರಿಗೆ ಮಂಜೂರು ಮಾಡಿದ ಜಮೀನು ಇರಬಹುದೇ ಎಂದೂ ಕೇಳಿ. 1978ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರಿದರೆ ವ್ಯವಹಾರವೇ ರದ್ದು. ಎಷ್ಟು ವರ್ಷ ಕಳೆದರೂ ಅರ್ಜಿ ಹಾಕಬಹುದು ಎಂದು 2023ರಲ್ಲಿ ತಿದ್ದುಪಡಿ ಆಗಿದೆ. ಬಡವನ ಹೊಲವನ್ನು ಬಡವನಿಗೆ ವಾಪಸು ಕೊಡಿಸುವ ಒಳ್ಳೆಯ ಕಾನೂನು ಅದು. ನಡುವೆ ಸಿಕ್ಕಿ ಸಾಯುವವನು ಕೇಳದೆ ಕೊಂಡವನು.

ಈಗ ನಮ್ಮ ಭಾಗಕ್ಕೇ ಅಂಟಿದ ಒಂದು ತೊಡಕು. ಬೆಂಗಳೂರಿನವರು ಬರೆದ ಮಾರ್ಗದರ್ಶಿಯಲ್ಲಿ ಇದು ನಿಮಗೆ ಸಿಗುವುದಿಲ್ಲ. 1948ರ ತನಕ ನಾವು ನಿಜಾಮರ ಸಂಸ್ಥಾನದಲ್ಲಿದ್ದೆವು. 1956ರ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿದೆವು. ನಿಜಾಮರ ದಫ್ತರಿನ ಭಾಷೆ ಉರ್ದು. ಆದ್ದರಿಂದ ನಮ್ಮ ಹೊಲಗಳ ತಾಯಿಬೇರು ಉರ್ದು ಕಾಗದದಲ್ಲಿದೆ. ಕೆಲವು ಮನೆತನಗಳ ಖಾಸಗಿ ಪತ್ರಗಳು ಮರಾಠಿಯಲ್ಲಿವೆ. ಇಸವಿಯೂ ಬೇರೆ, ಫಸಲಿ. ಫಸಲಿ ಇಸವಿಗೆ 590 ಕೂಡಿಸಿ. 1358 ಫಸಲಿ ಎಂದರೆ 1948-49. ಈ ಲೆಕ್ಕ ಗೊತ್ತಿಲ್ಲದವನ ಮುಂದೆ ದಲ್ಲಾಳಿ ಒಂದು ಹಳದಿ ಕಾಗದ ಬಿಚ್ಚಿ, "ನೋಡ್ರಿ, ನಿಜಾಮನ ಕಾಲದ ದಸ್ತಾವೇಜು ಅದ, ಇದಕ್ಕಿಂತ ಏನು ಬೇಕು" ಎಂದರೆ ಕೈಮುಗಿಯುವುದೊಂದೇ ಬಾಕಿ. ಆ ಕಾಗದದಲ್ಲಿ ಜಮೀನು ಇನಾಮು ಎಂದಿರಬಹುದು, ಮಸೀದಿಗೋ ಗುಡಿಗೋ ಮಠಕ್ಕೋ ಬಿಟ್ಟದ್ದು ಎಂದಿರಬಹುದು, ಸರ್ವೆ ನಂಬರೇ ಬೇರೆ ಇರಬಹುದು. ಹೈದರಾಬಾದ್ ಇನಾಮು ರದ್ದತಿ ಕಾಯ್ದೆ 1955ರದು. ಇನಾಮು ಎಂದಿದ್ದರೆ, ಆಮೇಲೆ ಅದು ಯಾರ ಹೆಸರಿಗೆ ಕಾಯಂ ಆಯಿತು ಎಂಬ ಆದೇಶದ ನಕಲು ಕೇಳಬೇಕು.

ಉರ್ದುವಿನ ಮೇಲೆ, ಮರಾಠಿಯ ಮೇಲೆ ನಮಗೆ ಸಿಟ್ಟಿಲ್ಲ. ಆ ಭಾಷೆಯ ಜನ ನಮ್ಮ ಓಣಿಯವರು, ನಮ್ಮ ಜೊತೆ ವೀರಭದ್ರೇಶ್ವರ ಜಾತ್ರೆಗೆ ಬರುವವರು. ಆ ಕಾಗದ ಓದಿ ಹೇಳಲು ಮೊದಲು ಬೇಕಾದವರೇ ಅವರ ಮನೆಯ ಹಿರಿಯರು. ನಮ್ಮ ತಕರಾರು ಬೇರೆ: ನನ್ನ ಹಣ ಹೋಗುವ ಪತ್ರ ನನಗೆ ಓದಲು ಬರುವ ಭಾಷೆಯಲ್ಲಿ ಯಾಕಿಲ್ಲ? 1908ರ ನೋಂದಣಿ ಕಾಯ್ದೆಯ 19ನೇ ಕಲಮು ನೋಡಿ. ಜಿಲ್ಲೆಯಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿಲ್ಲದ, ನೋಂದಣಿ ಅಧಿಕಾರಿಗೆ ತಿಳಿಯದ ಭಾಷೆಯ ಪತ್ರವನ್ನು ಅನುವಾದ ಜೊತೆಗಿಲ್ಲದೆ ನೋಂದಾಯಿಸಬಾರದು. ಅಧಿಕಾರಿಗೆ ತಿಳಿಯಬೇಕು ಎಂದು ಕಾಯ್ದೆ ಹೇಳಿತು. ಕೊಳ್ಳುವವನಿಗೆ ತಿಳಿಯಬೇಡವೇ? ಹೈದರಾಬಾದಿನ ಕಂಪನಿಯವರು ಇಪ್ಪತ್ತು ಪುಟದ ಇಂಗ್ಲಿಷ್ ಕರಾರು ತಂದು "ಎಲ್ಲಾರೂ ಮಾಡ್ಯಾರ್ರಿ, ನೀವೂ ಮಾಡ್ರಿ" ಎಂದಾಗ, "ಕನ್ನಡದಲ್ಲಿ ಬರೆದು ತನ್ನಿ" ಎಂದು ಹೇಳಿ. ಕ್ರಯಪತ್ರ ಕನ್ನಡದಲ್ಲಿ ಬರೆಸಲು ಯಾವ ಅಡ್ಡಿಯೂ ಇಲ್ಲ. ಹಳೆಯ ಉರ್ದು ಕಾಗದಕ್ಕೆ, ದಲ್ಲಾಳಿಯ ಕಡೆಯವನಲ್ಲದ ಒಬ್ಬರಿಂದ ಸಾಲುಸಾಲಾಗಿ ಅನುವಾದ ಮಾಡಿಸಿ. ಅದರ ಖರ್ಚು, ಹೋಗಬಹುದಾದ ಹಣದ ಮುಂದೆ ಚಹಾದ ಖರ್ಚು. ಇನ್ನೊಂದು ಎಚ್ಚರ: ಹುಲಸೂರು, ಚಿಟಗುಪ್ಪ ಈಗ ಬೇರೆ ತಾಲೂಕು. ಹಳೆಯ ಪತ್ರದಲ್ಲಿ ಬಸವಕಲ್ಯಾಣ, ಹುಮನಾಬಾದ್ ತಾಲೂಕು ಎಂದಿದ್ದರೆ ಗಾಬರಿಯಾಗಬೇಡಿ, ಆದರೆ ಹಳ್ಳಿ ಮತ್ತು ಸರ್ವೆ ನಂಬರು ತಾಳೆ ನೋಡಿ.

ಬಾಂಡ್ ಪೇಪರಿನ ಮಾತು ಆಡದೆ ಇಳಿಯಲಾರೆ. ನೂರು ರೂಪಾಯಿ ಬಾಂಡಿನ ಮೇಲೆ ಬರೆದು, ನೋಟರಿ ಠಸ್ಸೆ ಹೊಡೆಸಿ "ನಿಮ್ಮದಾಯ್ತು" ಎನ್ನುವ ವ್ಯಾಪಾರ ಈ ಕಡೆ ಬಹಳ. ನೂರು ರೂಪಾಯಿ ಅಥವಾ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಹೇಳುತ್ತದೆ. ಜಿ.ಪಿ.ಎ. ಕೊಟ್ಟರೆ ಒಡೆತನ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ. ಬಾಂಡು ತೋರಿಸಿದವನಿಗೆ ಕೇಳಿ: ಇದು ಇಷ್ಟು ಗಟ್ಟಿ ಇದ್ದರೆ ರಜಿಸ್ಟ್ರಿ ಯಾಕೆ ಮಾಡಿಕೊಡುವುದಿಲ್ಲ?

ಉಳಿದವು ಬೇಗ ಹೇಳಿ ಮುಗಿಸುತ್ತೇನೆ. ಋಣಭಾರ ಪತ್ರ ಕನಿಷ್ಠ ಮೂವತ್ತು ವರ್ಷದ್ದು ತೆಗೆಸಿ. ಕಂಪ್ಯೂಟರಿನಲ್ಲಿ ಸಿಗುವುದು 2004ರಿಂದ ಈಚಿನದು, ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹುಡುಕಿಸಬೇಕು. ಕೋರ್ಟಿನ ದಾವೆ, ಬಾಯಿಮಾತಿನ ಪಾಲು ಅದರಲ್ಲಿ ಕಾಣುವುದಿಲ್ಲ. 2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ನೋಂದಣಿ ಇಲ್ಲ. ಪಂಚಾಯತಿಯ ಆಸ್ತಿಯಾದರೆ ನಮೂನೆ 9 ಮತ್ತು 11 ಕೇಳಿ. ನಗರಸಭೆ, ಪುರಸಭೆಯದಾದರೆ ಎ ಖಾತೆಯೋ ಬಿ ಖಾತೆಯೋ ಎಂದು ಕೇಳಿ. ತೆರಿಗೆ ಕಟ್ಟಿದ ಪಾವತಿ ಒಡೆತನದ ಪತ್ರ ಅಲ್ಲ. ಈ ಪ್ಲಾಟಿಗೆ ಬ್ಯಾಂಕು ಸಾಲ ಕೊಡುತ್ತದೆಯೇ ಎಂದು ಕೇಳಿದಾಗ "ಬ್ಯಾಂಕಿನ ತಕಲೀಫು ಯಾಕ್ರಿ" ಎಂದರೆ ಅದೇ ಉತ್ತರ.

ಖರ್ಚು ಮುಚ್ಚಿಡುತ್ತಾರೆ. ಮುದ್ರಾಂಕ ಶುಲ್ಕ ಶೇಕಡಾ 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇಕಡಾ 2. ಹತ್ತು ಲಕ್ಷಕ್ಕೆ ಮುಕ್ಕಾಲು ಲಕ್ಷದ ಮೇಲೆ ಕೈಯಲ್ಲಿರಲಿ. "ಕಾಗದದಾಗ ಕಮ್ಮಿ ತೋರಸೋಣು, ಉಳಿದದ್ದು ನಗದು" ಎಂದರೆ ಒಪ್ಪಬೇಡಿ. ಸ್ಥಿರಾಸ್ತಿಗೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ನಾಳೆ ವ್ಯವಹಾರ ಮುರಿದರೆ ಕಾಗದದಲ್ಲಿರುವ ಹಣವನ್ನಷ್ಟೇ ನೀವು ಕೇಳಬಲ್ಲಿರಿ.

ಮಣ್ಣನ್ನೂ ಕೇಳಿ. ನಮ್ಮಲ್ಲಿ ಒಂದು ಕಡೆ ಕೆಂಪು ಜಂಬಿಟ್ಟಿಗೆ, ಇನ್ನೊಂದು ಕಡೆ ಎರೆ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಗೋಡೆಯನ್ನೂ ಬಿರಿಸುತ್ತದೆ. ಬುನಾದಿಯ ಖರ್ಚು ಎಷ್ಟು ಹೆಚ್ಚುತ್ತದೆ ಎಂದು ಇಂಜಿನಿಯರನ್ನು ಕೇಳಿ, ದಲ್ಲಾಳಿಯನ್ನಲ್ಲ. ಕಟ್ಟಿದ ಮನೆಯಾದರೆ ಬೀಮು, ಕಾಲಮ್ಮಿನ ನಕಾಶೆ ಕೇಳಿ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಗಡಿಯಾಚೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸುಮಾರು ಹತ್ತು ಸಾವಿರ ಜನ ಸತ್ತರು. ಅವರಲ್ಲಿ ಬಹಳಷ್ಟು ಜನ ತಮ್ಮದೇ ಮನೆಯ ಕಲ್ಲುಮಣ್ಣಿನ ಗೋಡೆಯ ಕೆಳಗೆ ಸತ್ತರು. ಕಿಲ್ಲಾರಿ ಇಲ್ಲಿಂದ ದೂರವಿಲ್ಲ.

ಇಷ್ಟೆಲ್ಲ ಕೇಳಿದರೆ ದಲ್ಲಾಳಿ ಹೇಳುವ ಮಾತು ಒಂದೇ: "ಸಂಜಿಗೆ ಇನ್ನೊಂದು ಪಾರ್ಟಿ ಬರ್ತದ, ಟೋಕನ್ ಕೊಟ್ಟು ಹಿಡೀರಿ." ಬರಲಿ ಬಿಡಿ. ಎಲ್ಲ ಕಾಗದದ ನಕಲು ಕೇಳಿ, ಎಂಟು ದಿನ ಮನೆಯಲ್ಲಿಟ್ಟುಕೊಂಡು, ಓದಬಲ್ಲವರಿಂದ ಓದಿಸಿ, ನಿಮ್ಮ ವಕೀಲರಿಗೆ ತೋರಿಸಿ. ನಕಲು ಕೊಡಲೊಲ್ಲದವನಿಂದ ಪ್ಲಾಟೂ ಬೇಡ.

ನನ್ನ ಮಾತು ಇಲ್ಲಿಗೆ ಸಾಕು. ಕಾಗದ ತಂದವರು ಮುಂದೆ ಬನ್ನಿ, ನೋಡೋಣ. ಉರ್ದು ಓದುವ ಹಿರಿಯರಿಬ್ಬರು ನಮ್ಮ ಜೊತೆ ಕೂತಿದ್ದಾರೆ.